ತಾಯಿಕೋಳಿ ಮಾಡುತ್ತಿದ್ದ ಕೆಲಸ

ನಮ್ಮೂರು ನೀರಮಾನ್ವಿಯಲ್ಲಿ ನಮ್ಮವ್ವ ಕೋಳಿ ಕಾವಿಗೆ ಕೂಡಿಸುವ ದಿನ ಮನೆಯಲ್ಲಿ ಯಾರೂ ಅವಸರ ಮಾಡುವಂತಿರಲಿಲ್ಲ. ಹಳೇ ಪುಟ್ಟಿಯ ತಳಕ್ಕೆ ಒಲೆಯ ಬೂದಿ ಹರವಿ, ಮೇಲೆ ಒಣಹುಲ್ಲು ಹಾಸುತ್ತಿದ್ದಳು. ಬೂದಿ ಇದ್ದರೆ ಹೇನು ಹತ್ತುವುದಿಲ್ಲ. ಹತ್ತು ಹನ್ನೆರಡು ಜವಾರಿ ತತ್ತಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲುಗಿಸಿ ನೋಡಿ ಇಡುತ್ತಿದ್ದಳು. 21 ದಿನಕ್ಕೆ ಮರಿ ಚಿಂವ್ ಎನ್ನುತ್ತಿದ್ದಂತೆ ಅವ್ವನ ಕೆಲಸ ಮುಗಿಯುತ್ತಿತ್ತು, ಕೋಳಿಯ ಕೆಲಸ ಶುರುವಾಗುತ್ತಿತ್ತು. ರೆಕ್ಕೆಯಡಿ ಬಿಸಿ ಕೊಡುವುದು, ತಿಪ್ಪೆ ಕೆದರಿ ಹುಳ ತೋರಿಸುವುದು, ಹದ್ದಿನ ನೆರಳು ಬಿದ್ದರೆ ಕೂಗಿ ಕರೆಯುವುದು, ಎಲ್ಲ ಅದರದೇ.

ಈ ಜವಾರಿ ಕೋಳಿಯ ಕಾಲು ಒಮ್ಮೆ ನೋಡಿ. ಹಲವಕ್ಕೆ ಹಳದಿ ಕಾಲು. ಸಾಕುಕೋಳಿಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಆದರೆ ಹಳದಿ ಚರ್ಮದ ಗುಣ ಬಂದದ್ದು ನಮ್ಮ ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ಲೋಕದ ಎಷ್ಟೋ ಕೋಳಿಗಳ ಮೈಯಲ್ಲಿ ನಮ್ಮ ಸೀಮೆಯ ಕಾಡಿನ ಪಾಲಿದೆ ಎಂಬುದು ನನಗೆ ದೊಡ್ಡ ಹೆಮ್ಮೆ.

ತಾಯಿಯಿಲ್ಲದೆ ಮರಿ ಮಾಡಿಸುವುದನ್ನು ಈಜಿಪ್ಟಿನವರು ಪ್ರಾಚೀನ ಕಾಲದಲ್ಲೇ ಕಲಿತಿದ್ದರು. ಮಣ್ಣಿನ ದೊಡ್ಡ ಗೂಡಿನಲ್ಲಿ ಸಾವಿರಾರು ತತ್ತಿ ಇಟ್ಟು, ತತ್ತಿಯನ್ನು ಕಣ್ಣರೆಪ್ಪೆಗೆ ತಾಗಿಸಿ ಶಾಖ ಅಳೆಯುತ್ತಿದ್ದರು. ನಮ್ಮ ಹಳ್ಳಿಗಳಿಗೆ ತಾಯಿಯಿಲ್ಲದ ಮರಿ ಬಂದದ್ದು ಬಹಳ ತಡವಾಗಿ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಗಿರಿರಾಜ ತಳಿ ರೂಪಿಸಿ 1989ರಲ್ಲಿ ಹೊರತಂದರು. 2005ರಲ್ಲಿ ಸ್ವರ್ಣಧಾರ ಬಂತು. ಜವಾರಿ ಹ್ಯಾಟೆ ವರ್ಷಕ್ಕೆ 50-60 ತತ್ತಿ ಇಟ್ಟರೆ ಗಿರಿರಾಜ 130ರಿಂದ 150 ಇಡುತ್ತದೆ. ಹಿತ್ತಲಲ್ಲೇ ಮೇದು ಬೆಳೆಯುತ್ತದೆ, ಮೈಯೂ ದೊಡ್ಡದು. ಆದರೆ ಅದು ಕಾವಿಗೆ ಕೂಡುವುದಿಲ್ಲ. ಅದರ ಮರಿ ರಟ್ಟಿನ ಡಬ್ಬಿಯಲ್ಲಿ ಬಸ್ಸು ಹತ್ತಿ ಬರುತ್ತದೆ. ತಾಯಿಕೋಳಿ ಮಾಡುತ್ತಿದ್ದ ಕೆಲಸವೆಲ್ಲ ಅಂದಿನಿಂದ ಮನೆಯವರ ಕೈಗೆ ಬಿತ್ತು. ಇದನ್ನು ಯಾರೂ ನಮಗೆ ಬಿಡಿಸಿ ಹೇಳಲಿಲ್ಲ. ತಂದ ಮರಿಯನ್ನು ನೇರ ಅಂಗಳಕ್ಕೆ ಬಿಟ್ಟು, ವಾರದೊಳಗೆ ಅರ್ಧಕ್ಕರ್ಧ ಕಳೆದುಕೊಂಡ ತಾಯಂದಿರನ್ನು ನಾನು ಕಂಡಿದ್ದೇನೆ. ತಪ್ಪು ಅವರದಲ್ಲ.

ಹಾಗಾದರೆ ಏನು ಮಾಡಬೇಕು? ತಗಡನ್ನೋ ರಟ್ಟನ್ನೋ ದುಂಡಗೆ ಸುತ್ತಿ ನಿಲ್ಲಿಸಿ. ಮೂಲೆ ಇರಬಾರದು, ಮರಿಗಳು ಮೂಲೆಗೆ ಒತ್ತಿಕೊಂಡು ಉಸಿರುಕಟ್ಟಿ ಸಾಯುತ್ತವೆ. ಕಾಲುವೆಯ ನೀರು ಬಂದು ಭತ್ತ ಬೆಳೆದ ಮೇಲೆ ಮಾನ್ವಿ, ಸಿಂಧನೂರು ಕಡೆ ಹೊಟ್ಟಿಗೂ ನುಚ್ಚಿಗೂ ಬರವಿಲ್ಲ. ಹೊಟ್ಟನ್ನು ಎರಡು ಬೆರಳು ದಪ್ಪ ಹಾಸಿ. ಮರಿ ಹೊಟ್ಟನ್ನೇ ಕಾಳೆಂದು ತಿನ್ನದಂತೆ ಮೊದಲೆರಡು ದಿನ ಮೇಲೆ ಹಳೇ ಪತ್ರಿಕೆ ಹಾಕಿ ನುಚ್ಚು ಚೆಲ್ಲಿ. ಮೇಲೊಂದು ಬಲ್ಬು ಇಳಿಬಿಡಿ. ಮೊದಲ ವಾರ ಸುಮಾರು 35 ಡಿಗ್ರಿ ಶಾಖ ಬೇಕು. ಅಳೆಯಲು ಯಂತ್ರ ಬೇಡ, ಮರಿಗಳೇ ಹೇಳುತ್ತವೆ. ಬಲ್ಬಿನಡಿ ಗುಂಪುಗೂಡಿದರೆ ಚಳಿ, ಅಂಚಿಗೆ ಓಡಿ ಬಾಯಿ ತೆರೆದರೆ ಸೆಖೆ, ಹರಡಿಕೊಂಡು ಮೇಯುತ್ತಿದ್ದರೆ ಸರಿಯಾಗಿದೆ. ನಮ್ಮ ಏಪ್ರಿಲ್ ಮಧ್ಯಾಹ್ನಕ್ಕೆ ಬಲ್ಬು ಆರಿಸಿ, ಕಿಟಕಿಗೆ ಹಸಿ ಗೋಣಿಚೀಲ ಕಟ್ಟಬೇಕಾಗುತ್ತದೆ.

ಹೊಟ್ಟನ್ನು ದಿನಕ್ಕೊಮ್ಮೆ ಕೈಯಾಡಿಸಿ. ಒಂದು ಹಿಡಿ ತೆಗೆದು ಹಿಸುಕಿದಾಗ ಉಂಡೆ ಕಟ್ಟಿದರೆ ತೇವ ಹೆಚ್ಚಾಯಿತು, ರಕ್ತಭೇದಿಗೆ ಅಲ್ಲೇ ದಾರಿ. ಹಸಿಯಾದುದನ್ನು ಬಾಚಿ ತೆಗೆದು ಒಣ ಹೊಟ್ಟು ಹಾಕಿ. ನೀರಿನ ಬಟ್ಟಲು ದಿನಾ ತೊಳೆಯಿರಿ. ಆಮೇಲೆ ಸೋಪು ಹಚ್ಚಿ ನಿಮ್ಮ ಕೈಯನ್ನೂ ತೊಳೆದುಕೊಳ್ಳಿ. ಮಕ್ಕಳು ಮರಿಗೆ ಮುತ್ತಿಡುವುದು ನೋಡಲು ಚೆಂದ, ಆದರೆ ಹಿಕ್ಕೆಯಲ್ಲಿರುವ ರೋಗಾಣು ಹಾಗೆಯೇ ಮಕ್ಕಳ ಹೊಟ್ಟೆ ಸೇರುತ್ತದೆ.

ಇನ್ನು ಕೊಕ್ಕರೆ ರೋಗ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ, ಮರುವರ್ಷ ಕುಮಾವು ಬೆಟ್ಟದ ರಾಣಿಖೇತ್‌ನಲ್ಲಿ ಗುರುತಿಸಿದ ರೋಗ ಇದು. ಅಲ್ಲಿಂದಲೇ ರಾಣಿಖೇತ್ ರೋಗ ಎಂಬ ಹೆಸರೂ ಬಂತು. ಹಸಿರು ಹಿಕ್ಕೆ, ತಿರುಚಿದ ಕುತ್ತಿಗೆ, ಎರಡು ದಿನದಲ್ಲಿ ಓಣಿಗೆ ಓಣಿಯೇ ಖಾಲಿ. ಅದೇ ಕುಮಾವಿನ ಮುಕ್ತೇಶ್ವರದ ಪಶು ಸಂಶೋಧನಾ ಸಂಸ್ಥೆ 1940ರ ದಶಕದಲ್ಲೇ ಲಸಿಕೆ ಕಂಡುಹಿಡಿಯಿತು. ಲಸಿಕೆ ಬಂದು ಎಂಬತ್ತು ವರ್ಷವಾಗುತ್ತಾ ಬಂದರೂ ನಮ್ಮ ಹಿತ್ತಲ ಕೋಳಿ ಇನ್ನೂ ಅದೇ ರೋಗಕ್ಕೆ ಸಾಯುತ್ತಿದೆ. ನನ್ನನ್ನು ಕಾಡುವ ಸಂಗತಿ ಇದು.

ಸತ್ತ ಕೋಳಿಯನ್ನು ಹಳ್ಳಕ್ಕೆ ಎಸೆಯಬೇಡಿ. ಸುಣ್ಣ ಹಾಕಿ ಆಳದ ಗುಂಡಿಯಲ್ಲಿ ಹೂಳಿ. ಸಂತೆಯಿಂದ ತಂದ ಕೋಳಿಯನ್ನು ಹದಿನೈದು ದಿನ ಬೇರೆ ಕಟ್ಟಿ. ಒಮ್ಮೆಲೇ ಹಲವು ಕೋಳಿ ಸತ್ತರೆ ಮುಚ್ಚಿಡದೆ ಪಶು ಆಸ್ಪತ್ರೆಗೆ ತಿಳಿಸಿ. ಅದು ಹಕ್ಕಿಜ್ವರವೂ ಆಗಿರಬಹುದು, 2025ರಲ್ಲಿ ಪಕ್ಕದ ಬಳ್ಳಾರಿ ಜಿಲ್ಲೆಯ ಕುರೇಕುಪ್ಪದವರೆಗೂ ಆ ಜ್ವರ ಬಂದಿತ್ತು.

ಕೊಕ್ಕರೆ ರೋಗದ ಲಸಿಕೆ ನಮ್ಮ ಹಿತ್ತಲಿಗೆ ಯಾಕೆ ತಲುಪುತ್ತಿಲ್ಲ? ಕಾರಣ ಆ ಪುಟ್ಟ ಸೀಸೆಯಲ್ಲೇ ಇದೆ. ಒಂದು ಸೀಸೆ ಸಾಮಾನ್ಯವಾಗಿ 100 ಕೋಳಿಗಾಗುವಷ್ಟು, ಇಲ್ಲವೆ ಅದಕ್ಕೂ ಹೆಚ್ಚು. ಬೆರೆಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು, ತಂಪು ಬಿಡಬಾರದು. ಹತ್ತು ಕೋಳಿ ಸಾಕಿದ ತಾಯಿ ಒಬ್ಬಳೇ ಅದನ್ನು ತಂದು ಏನು ಮಾಡಿಯಾಳು? ಅದಕ್ಕೇ ಹೇಳುತ್ತೇನೆ, ಹತ್ತು ಮನೆಯವರು ಮಾತಾಡಿಕೊಳ್ಳಿ. ಬ್ಯಾಸಗಿಗೆ ಮೊದಲೇ ದಿನ ಗೊತ್ತು ಮಾಡಿ, ಪಶು ವೈದ್ಯರನ್ನು ಕರೆಯಿರಿ. ವಾರದ ಮರಿಗೆ ಕಣ್ಣಿನ ಹನಿ, ಎಂಟು ವಾರ ದಾಟಿದ ಕೋಳಿಗೆ ಸೂಜಿ. ಹಗಲಲ್ಲಿ ಕೋಳಿ ಕೈಗೆ ಸಿಗುವುದಿಲ್ಲ. ಹೊತ್ತು ಮುಳುಗಿ ಅವು ಗೂಡು ಸೇರಿದ ಮೇಲೆ, ಐಸ್ ತುಂಬಿದ ಥರ್ಮಾಸು, ಒಂದು ಬ್ಯಾಟರಿ ಹಿಡಿದು ಓಣಿಯ ಈ ತುದಿಯಿಂದ ಹೊರಡಿ. ಎರಡು ತಾಸಿನಲ್ಲಿ ಆ ತುದಿ ಮುಟ್ಟಬಹುದು.