ಕೇಳಿ ತಂದ ಗಾಡಿ



ನಮ್ಮಲ್ಲಿ ಗಾಡಿ ಇರೋನು ಒಬ್ಬ, ಕೇಳೋರು ಹತ್ತು ಜನ. ಈ ಮಾರೇನಹಳ್ಳಿ ಗಲ್ಲಿಯಲ್ಲಿ ನಿಂತಿರುವ ಅವನ ಬೈಕಿನಲ್ಲಿ ಅವರಪ್ಪನ ಕೂಲಿ ದುಡ್ಡಿದೆ, ಇನ್ನೂ ತೀರದ ಕಂತಿದೆ. ಕೇಳಿ ತಂದ ಗಾಡಿ ಬಿದ್ದು ಹೆಡ್‌ಲೈಟು ಒಡೆದರೆ, ಅವನು ಸಂಕೋಚದಿಂದ ಬಾಯಿಬಿಡೋದಿಲ್ಲ. ನಾವೇ ಮೊದಲು ಕೇಳಬೇಕು: ಎಷ್ಟಾಯ್ತು?

ವಿಮೆ ಇದೆಯಲ್ಲ ಅಂತೀರಾ? 1988ರ ಮೋಟಾರು ವಾಹನ ಕಾಯಿದೆ ಕಡ್ಡಾಯ ಮಾಡಿರುವ ವಿಮೆ ಬೇರೆಯವರಿಗಾದ ನಷ್ಟಕ್ಕೆ ಮಾತ್ರ. ಗಾಡಿ ರಿಪೇರಿಗೆ ಅದರಿಂದ ಪೈಸೆ ಬರೋದಿಲ್ಲ. ಲೈಸೆನ್ಸಿಲ್ಲದವನು ಓಡಿಸಿದರೆ ಗಾಡಿ ಕೊಟ್ಟವನ ಮೇಲೂ ಕೇಸು.

ಎರವಲು ತಂದ ವಸ್ತುವನ್ನು ವಿವೇಕವಿರುವ ಮನುಷ್ಯ ತನ್ನದನ್ನು ನೋಡಿಕೊಳ್ಳುವಷ್ಟೇ ಜೋಪಾನ ಮಾಡಬೇಕು ಅನ್ನುತ್ತದೆ 1872ರ ಕರಾರು ಕಾಯಿದೆಯ 151ನೇ ಕಲಮು. ಅಷ್ಟು ಮಾಡಿಯೂ ಕೆಟ್ಟರೆ, ಬೇರೆ ಕರಾರಿಲ್ಲದಿದ್ದರೆ, ತಂದವನು ಹೊಣೆಯಲ್ಲ ಅನ್ನುತ್ತದೆ 152ನೇ ಕಲಮು. ಆದರೆ ಕಾನೂನು ನಮ್ಮನ್ನು ಬಿಟ್ಟರೂ ಕಂತು ನಮ್ಮ ಗೆಳೆಯನನ್ನು ಬಿಡೋದಿಲ್ಲ.

ಹಾಗಂತ ಹಳೇ ಗಾಡಿಗೆ ಹೊಸ ಗಾಡಿಯ ದುಡ್ಡು ತೆರಬೇಕಿಲ್ಲ. ಇಬ್ಬರೂ ಒಟ್ಟಿಗೆ ಗ್ಯಾರೇಜಿಗೆ ಹೋಗಿ, ಬಿಲ್ಲು ನೋಡಿ, ಆದ ಹಾನಿಯಷ್ಟನ್ನು ಕೊಡೋಣ. ಒಬ್ಬನ ಕೈಲಾಗದಿದ್ದರೆ ರೂಮಿನವರೆಲ್ಲ ಸೇರಿ ತಿಂಗಳಿಗಿಷ್ಟು ಅಂತ ತೀರಿಸೋಣ. ನಾಳೆ ಇನ್ನೊಬ್ಬ ಬೀಗದ ಕೈ ಕೇಳಿದಾಗ ಅವನು ಹಿಂದೆಮುಂದೆ ನೋಡದೆ ಕೊಡುವಂತಿರಬೇಕು.