ಜ್ವರ ಬಂದರೆ ಬೆಳಗಾಗುವವರೆಗೆ ಕಾಯಬೇಡಿ
(ರಕ್ತದ ಕ್ಯಾನ್ಸರ್ ರೋಗಿಗಳು ಹಾಗೂ ಅವರ ಬಂಧುಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಅಕ್ಯೂಟ್ ಲ್ಯುಕೇಮಿಯಾ, ಅಂದರೆ ತೀವ್ರ ರಕ್ತ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ತಾವು ಮತ್ತು ತಮ್ಮ ಬಂಧುಗಳು ಇಂದು ಒಂದೇ ಮಾತು ನೆನಪಿಟ್ಟುಕೊಂಡರೂ ಸಾಕು: ಕೀಮೋ ಆದವರಿಗೆ ಬರುವ ಜ್ವರ ಸಾಮಾನ್ಯ ಜ್ವರವಲ್ಲ.

ನಾನು ಮೊದಲು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಒಬ್ಬ ಹುಡುಗನಿಗೆ ರಾತ್ರಿ ಹನ್ನೊಂದಕ್ಕೆ ಮೈ ಬಿಸಿಯಾಯಿತು. "ಪಾಪ, ಡಾಕ್ಟರು ಈಗಷ್ಟೇ ಮಲಗಿದ್ದಾರೆ" ಎಂದು ತಾಯಿ ಚೀಲದಲ್ಲಿದ್ದ ಜ್ವರದ ಮಾತ್ರೆ ಕೊಟ್ಟು, ಹಣೆಗೆ ಒದ್ದೆ ಬಟ್ಟೆ ಹಾಕಿದರು. ಜ್ವರ ಇಳಿಯಿತು. ಬೆಳಗಿನ ಐದಕ್ಕೆ ನಾನು ಹೋಗಿ ನೋಡಿದಾಗ ಕೈಕಾಲು ತಣ್ಣಗಾಗಿ, ಬಿ.ಪಿ. ಕುಸಿದಿತ್ತು. ಆತ ಒಂಬತ್ತು ದಿನ ಐಸಿಯುನಲ್ಲಿದ್ದು ಉಳಿದುಕೊಂಡ. ಎಲ್ಲರೂ ಹಾಗೆ ಉಳಿಯುವುದಿಲ್ಲ. ತಪ್ಪು ಆ ತಾಯಿಯದಲ್ಲ. ನಾವು ಅವರಿಗೆ ಮೊದಲೇ ತಿಳಿಸಿ ಹೇಳಿರಲಿಲ್ಲ.

ಏಕೆ ಹೀಗಾಗುತ್ತದೆ? ಸೋಂಕಿನೊಡನೆ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕಾಯಿಲೆಯಿಂದಲೂ ಕೀಮೋದಿಂದಲೂ ಕಡಿಮೆಯಾಗುತ್ತವೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಅವು 500ಕ್ಕಿಂತ ಇಳಿದರೆ ಅಪಾಯ ಹೆಚ್ಚು. ಆಗ ಸೋಂಕಾದರೂ ಕೀವು ಕಟ್ಟುವುದಿಲ್ಲ, ಊತ ಕಾಣದಿರಬಹುದು. ಎಷ್ಟೋ ಸಲ ಜ್ವರವೊಂದೇ ಸೂಚನೆ. ಮಾತ್ರೆ ನುಂಗಿದರೆ ಆ ಸೂಚನೆಯೂ ಮರೆಯಾಗುತ್ತದೆ, ಸೋಂಕು ಮಾತ್ರ ಒಳಗೇ ಬೆಳೆಯುತ್ತದೆ.

ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ತೋರಿಸಿದರೆ, ಇಲ್ಲವೇ ಚಳಿ ನಡುಕ ಬಂದರೆ, ಕೂಡಲೇ ಸಿಸ್ಟರನ್ನು ಕರೆಯಿರಿ. ಮನೆಯಲ್ಲಿದ್ದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿ ಸೊಂಟಕ್ಕೆ ಸೂಜಿ ಹಾಕಿಸಿಕೊಳ್ಳಬೇಡಿ. ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಒಳಗೇ ರಕ್ತ ಕಟ್ಟಿಕೊಳ್ಳುತ್ತದೆ.

ರಾತ್ರಿ ಬರುವವರು ಡ್ಯೂಟಿ ಡಾಕ್ಟರು. ವಯಸ್ಸು ಚಿಕ್ಕದೆಂದು "ದೊಡ್ಡ ಡಾಕ್ಟರು ಬಂದ ಮೇಲೆ ನೋಡೋಣ" ಎನ್ನಬೇಡಿ. ಅವರು ಮೊದಲು ಕಲ್ಚರ್ ಪರೀಕ್ಷೆಗೆ ರಕ್ತ ತೆಗೆಯುತ್ತಾರೆ, ವರದಿಗೆ ಕಾಯದೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಆರಂಭಿಸುತ್ತಾರೆ, ಹಿರಿಯ ವೈದ್ಯರಿಗೆ ಫೋನ್ ಮಾಡುತ್ತಾರೆ. ತಾವು ಅವರಿಗೆ ಹೇಳಬೇಕಾದದ್ದು ಇಷ್ಟು: "ಇವರಿಗೆ ರಕ್ತದ ಕ್ಯಾನ್ಸರ್, ಕೀಮೋ ಇಂಥ ತಾರೀಖಿಗೆ ಆಗಿದೆ, ಜ್ವರ ಇಷ್ಟು ಹೊತ್ತಿಗೆ ಬಂತು, ಇಂಥ ಔಷಧಿ ಇವರಿಗೆ ಆಗುವುದಿಲ್ಲ."

ಇನ್ನೆರಡು ವಿಷಯಗಳು.

ಒಂದು, ರಕ್ತಸ್ರಾವ. ಮೂಗು ಅಥವಾ ಒಸಡಿನಲ್ಲಿ ರಕ್ತ, ಚರ್ಮದ ಮೇಲೆ ಕೆಂಪು ಚುಕ್ಕೆ, ಕಪ್ಪು ಮಲ ಕಂಡರೆ ತಿಳಿಸಿ. ಜೋರು ತಲೆನೋವು, ವಾಂತಿ, ಮಂಪರು ಬಂದರೆ ಒಂದು ನಿಮಿಷವೂ ತಡಮಾಡಬೇಡಿ. ವೈದ್ಯರು ಹೇಳದೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ.

ಎರಡು, ಮೂತ್ರ. ಚಿಕಿತ್ಸೆಯ ಮೊದಲ ದಿನಗಳಲ್ಲಿ ಕ್ಯಾನ್ಸರ್ ಕಣಗಳು ಒಮ್ಮೆಲೇ ಒಡೆದು ಯೂರಿಕ್ ಆಮ್ಲ, ಪೊಟ್ಯಾಸಿಯಂ ಹೆಚ್ಚುತ್ತವೆ. ಇದರಿಂದ ಕಿಡ್ನಿಗೂ ಹೃದಯಕ್ಕೂ ತೊಂದರೆಯಾಗಬಹುದು. ಸಲೈನ್ ಹಾಕುವುದು, ಮೂತ್ರ ಅಳೆದು ಇಡಲು ಹೇಳುವುದು, ದಿನಕ್ಕೆ ಎರಡು ಮೂರು ಸಲ ರಕ್ತ ತೆಗೆಯುವುದು ಇದಕ್ಕಾಗಿಯೇ. ಅಳತೆ ಡಬ್ಬಿಯಲ್ಲಿನ ಮೂತ್ರವನ್ನು ಬರೆದುಕೊಳ್ಳುವ ಮುನ್ನ ಚೆಲ್ಲಬೇಡಿ.

ಕೊನೆಯದಾಗಿ, ನಮ್ಮ ನಿದ್ದೆ ಕೆಡುತ್ತದೆಂದು ಸಂಕೋಚ ಪಡಬೇಡಿ. ಹತ್ತು ಸಲ ಕರೆದು ಏನೂ ಇಲ್ಲವೆಂದಾದರೂ ನಮಗೆ ಬೇಸರವಿಲ್ಲ. ರಾತ್ರಿ ಪಾಳಿ ಇರುವುದೇ ಅದಕ್ಕೆ.