ಮೂರು ರಾಜಧಾನಿಗಳ ದೇಶ

(ಬೀಜದ ಗೋದಾಮಿನ ಜಾಗದ ವಿಚಾರವಾಗಿ ಸೇರಿದ್ದ ಸಂಜೆಯ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಹೋದ ವಾರ ಗೊಬ್ಬರದ ಗುಂಡಿ ನೋಡಲು ಕೆಳಗಿನ ಹಳ್ಳಿಗೆ ಹೋಗಿದ್ದೆ. ಅಲ್ಲಿ ಹಿರಿಯರೊಬ್ಬರು ಮೊಮ್ಮಗನ ಪುಸ್ತಕವನ್ನು ನನ್ನ ಮುಂದೆ ಹಿಡಿದು, "ಏನ್ ಸ್ವಾಮಿ, ದಕ್ಷಿಣ ಆಫ್ರಿಕಕ್ಕೆ ಮೂರು ರಾಜಧಾನಿ ಅಂತ ಅಚ್ಚಾಗಿದೆ. ಇದು ಅಚ್ಚಿನ ತಪ್ಪು ತಾನೆ?" ಎಂದರು. ತಪ್ಪಲ್ಲ ಎಂದೆ. ಕೈ ತೊಳೆದು ಬಂದು ವಿವರಿಸೋಣವೆನ್ನುವಷ್ಟರಲ್ಲಿ ಮಳೆ ಹಿಡಿಯಿತು. ಉಳಿದುದನ್ನು ಇಂದು ಹೇಳುತ್ತೇನೆ. ನಾನು ಓದಿದ್ದು ಕೃಷಿ ಡಿಪ್ಲೊಮಾ, ರಾಜ್ಯಶಾಸ್ತ್ರವಲ್ಲ. ಆದರೆ ಈ ಗೋದಾಮಿನ ಜಾಗಕ್ಕಾಗಿ ಎರಡು ತಿಂಗಳಿಂದ ಮೇಲಿನ ಹಳ್ಳಿಗೂ ಕೆಳಗಿನ ಹಳ್ಳಿಗೂ ಸೈಕಲ್ ತುಳಿದ ಮೇಲೆ ಆ ಕಥೆ ನನಗೆ ಚೆನ್ನಾಗಿ ಅರ್ಥವಾಗಿದೆ.

ಆಗ ಅಲ್ಲಿ ಬಿಳಿಯರ ಆಳ್ವಿಕೆಯ ನಾಲ್ಕು ಸೀಮೆಗಳಿದ್ದವು. ಕೇಪ್ ಮತ್ತು ನೇಟಾಲ್ ಇಂಗ್ಲಿಷರವು. ಟ್ರಾನ್ಸ್‌ವಾಲ್ ಮತ್ತು ಆರೆಂಜ್ ಫ್ರೀ ಸ್ಟೇಟ್ ಬೋಯರರವು. ಬೋಯರರೆಂದರೆ ಮುಖ್ಯವಾಗಿ ಡಚ್ಚರ ವಂಶದವರು. ಆ ಮಾತಿಗೆ ಅವರ ಭಾಷೆಯಲ್ಲಿ ರೈತ ಎಂದೇ ಅರ್ಥ. 1899ರಿಂದ 1902ರವರೆಗೆ ಇವರಿಗೂ ಇಂಗ್ಲಿಷರಿಗೂ ಘೋರ ಯುದ್ಧವಾಯಿತು. ಇಂಗ್ಲಿಷ್ ಸೈನ್ಯ ಬೋಯರರ ಹೊಲಮನೆಗಳನ್ನು ಸುಟ್ಟು, ಹೆಂಗಸರು ಮಕ್ಕಳನ್ನು ಶಿಬಿರಗಳಲ್ಲಿ ಕೂಡಿಹಾಕಿತು. ಬೋಯರರು ಸೋತರು. ಆದರೂ ಸುಮಾರು ಆರು ವರ್ಷದಲ್ಲೇ, 1908ರಲ್ಲಿ, ಗೆದ್ದವರೂ ಸೋತವರೂ ಒಂದೇ ಕಡೆ ಕುಳಿತು ನಾಲ್ಕು ಸೀಮೆಗಳನ್ನು ಒಂದು ರಾಜ್ಯ ಮಾಡಿಕೊಳ್ಳಲು ಹೊರಟರು.

ತೆರಿಗೆ, ರೈಲು, ಭಾಷೆ, ಎಲ್ಲದಕ್ಕೂ ದಾರಿ ಕಂಡಿತು. ರಾಜಧಾನಿಯ ಮಾತು ಬಂದಾಗ ಮಾತ್ರ ಸಭೆ ಮುರಿದುಬೀಳುವಂತಾಯಿತು. ಕೇಪಿನವರು, "ನಮ್ಮದು ಹಳೆಯ ಪಟ್ಟಣ" ಎಂದರು. ಟ್ರಾನ್ಸ್‌ವಾಲಿನವರು, "ಚಿನ್ನದ ಗಣಿ ನಮ್ಮಲ್ಲಿದೆ, ಹಣ ನಮ್ಮದು" ಎಂದರು. ಕೊನೆಗೆ ಬಂಡೆ ಒಡೆದಂತೆ ಒಡೆದರು: ಶಾಸನಸಭೆ ಕೇಪ್‌ಟೌನಿಗೆ, ಸರ್ಕಾರದ ಕಚೇರಿಗಳು ಪ್ರಿಟೋರಿಯಕ್ಕೆ, ಮೇಲ್ಮನವಿಯ ನ್ಯಾಯಾಲಯ ಬ್ಲೂಮ್‌ಫಾಂಟೇನಿಗೆ. ನೇಟಾಲಿನ ಪಾಲಿಗೆ ಏನೂ ಉಳಿಯಲಿಲ್ಲ. ಅಲ್ಲಿಯ ಪೀಟರ್‌ಮಾರಿಟ್ಸ್‌ಬರ್ಗ್ ಪಟ್ಟಣಕ್ಕೆ ನಷ್ಟಪರಿಹಾರವೆಂದು ಹಣ ಕೊಟ್ಟರು. 1893ರಲ್ಲಿ ಗಾಂಧೀಜಿಯವರನ್ನು ರೈಲಿನಿಂದ ಹೊರದಬ್ಬಿದ ಊರು ಅದೇ. 1910ನೆಯ ಇಸವಿ ಮೇ 31ರಂದು ಹೊಸ ರಾಜ್ಯ ಹುಟ್ಟಿತು.

ಪಾಲು ಸರಿಯಾಗಿ ಆಯಿತೆಂದು ತಾವು ಭಾವಿಸಬಹುದು. ಆದರೆ ಆ ಸಭೆಯಲ್ಲಿ ಕುಳಿತವರೆಲ್ಲ ಬಿಳಿಯರು. ಆ ನೆಲದಲ್ಲಿ ಹೆಚ್ಚು ಸಂಖ್ಯೆಯಲ್ಲಿದ್ದ ಕರಿಯ ಜನರಲ್ಲಿ ಒಬ್ಬರನ್ನೂ ಕರೆದಿರಲಿಲ್ಲ. ಕೇಪಿನಲ್ಲಿ ಆಸ್ತಿ, ವಿದ್ಯೆ ಇದ್ದ ಕೆಲವರಿಗೆ ಮೊದಲಿನಿಂದ ಇದ್ದ ಮತದ ಹಕ್ಕು ಉಳಿಯಿತು. ಶಾಸನಸಭೆಯಲ್ಲಿ ಕೂರುವ ಹಕ್ಕು ಬಿಳಿಯರಿಗೆ ಮಾತ್ರ ಎಂದು ಬರೆದರು. ಇದನ್ನು ತಿದ್ದಿಸಬೇಕೆಂದು 1909ರಲ್ಲಿ ಒಂದು ನಿಯೋಗ ಲಂಡನ್ನಿನವರೆಗೆ ಹೋಗಿ ಬರಿಗೈಯಲ್ಲಿ ಮರಳಿತು. ಟ್ರಾನ್ಸ್‌ವಾಲಿನ ಭಾರತೀಯರ ಪರವಾಗಿ ಗಾಂಧೀಜಿಯವರೂ ಅದೇ ವರ್ಷ ಅಲ್ಲಿಗೆ ಹೋಗಿದ್ದರು. ಅವರಿಗೂ ಫಲ ಸಿಕ್ಕಲಿಲ್ಲ.

ಇದರಿಂದಾದದ್ದನ್ನು ರೈತರು ಕೇಳಬೇಕು. ಮೂರೇ ವರ್ಷದಲ್ಲಿ, 1913ರಲ್ಲಿ, ಕೇಪ್‌ಟೌನಿನ ಆ ಸಭೆ ಒಂದು ಭೂಮಿ ಕಾಯಿದೆ ಮಾಡಿತು. ಕರಿಯ ಜನರಿಗೆಂದು ಬಿಟ್ಟದ್ದು ದೇಶದ ನೆಲದಲ್ಲಿ ನೂರಕ್ಕೆ ಸುಮಾರು 7 ಪಾಲು. ಅದರ ಹೊರಗೆ ಅವರು ಜಮೀನು ಕೊಳ್ಳುವಂತಿಲ್ಲ, ಗುತ್ತಿಗೆಗೆ ಹಿಡಿಯುವಂತಿಲ್ಲ. ಬಿಳಿಯರ ಹೊಲದಲ್ಲಿ ಬೆಳೆ ಪಾಲಿಗೆ ಉಳುತ್ತಿದ್ದ ಎಷ್ಟೋ ಸಂಸಾರಗಳು ದನಕರುಗಳನ್ನು ಹೊಡೆದುಕೊಂಡು ರಸ್ತೆಗೆ ಬಿದ್ದವು. ಸೋಲ್ ಪ್ಲಾಟ್ಯೆ ಎಂಬ ಕರಿಯ ಪತ್ರಕರ್ತರು ಊರೂರು ತಿರುಗಿ ಈ ಸಂಕಟವನ್ನು ಕಣ್ಣಾರೆ ಕಂಡು ಪುಸ್ತಕ ಬರೆದರು. 1936ರಲ್ಲಿ 7 ಪಾಲನ್ನು ಸುಮಾರು 13ಕ್ಕೆ ಏರಿಸಲು ಒಪ್ಪಿದರು. ಕಾಯಿದೆ ರದ್ದಾದದ್ದು 1991ರಲ್ಲಿ. ಎಪ್ಪತ್ತೆಂಟು ವರ್ಷ!

ಇನ್ನು ಖರ್ಚಿನ ಮಾತು. ಪ್ರಿಟೋರಿಯದಿಂದ ಕೇಪ್‌ಟೌನಿಗೆ ರಸ್ತೆಯಲ್ಲಿ 1,400 ಕಿಲೋಮೀಟರಿಗೂ ಹೆಚ್ಚು. ಬೆಂಗಳೂರಿನಿಂದ ಭೋಪಾಲಕ್ಕೆ ಹೋದಂತೆ ಎನ್ನಿ. ಶಾಸನಸಭೆ ಸೇರುವ ಕಾಲಕ್ಕೆ ಮಂತ್ರಿಗಳೂ ಅಧಿಕಾರಿಗಳೂ ಕಡತ ಕಟ್ಟಿಕೊಂಡು ಹೊರಡಬೇಕು. ಮಂತ್ರಿಗೆ ಅಲ್ಲೊಂದು ಮನೆ, ಇಲ್ಲೊಂದು ಮನೆ. 1994ರಲ್ಲಿ ಎಲ್ಲರಿಗೂ ಮತ ಬಂದು, ಮೇ 10ರಂದು ಮಂಡೇಲರು ಪ್ರಿಟೋರಿಯದಲ್ಲಿ ಅಧ್ಯಕ್ಷರಾಗಿ ಪ್ರಮಾಣ ಸ್ವೀಕರಿಸಿದ ಮೇಲೆ, ಎಲ್ಲವನ್ನೂ ಒಂದೆಡೆ ತರೋಣವೆಂಬ ಮಾತು ಎದ್ದಿತು. 2016ರಲ್ಲಿ ಅಂದಿನ ಅಧ್ಯಕ್ಷ ಜೂಮಾ ಅವರು ಸಭೆಯಲ್ಲೇ ಈ ಖರ್ಚನ್ನು ಎತ್ತಿ ಆಡಿದರು. 2022ರ ಜನವರಿಯಲ್ಲಿ ಬೆಂಕಿ ಬಿದ್ದು ಕೇಪ್‌ಟೌನಿನ ಸಭಾಭವನವೇ ಸುಟ್ಟುಹೋಯಿತು. ಆಗಲೂ ಶಾಸನಸಭೆ ಊರು ಬಿಡಲಿಲ್ಲ. ಒಮ್ಮೆ ಕೊಟ್ಟ ಪಾಲನ್ನು ಹಿಂದಕ್ಕೆ ಕೇಳುವುದು ಎಷ್ಟು ಕಷ್ಟವೆಂದು ಜಮೀನು ಪಾಲಾದ ಮನೆಯವರಿಗೆ ನಾನು ಹೇಳಬೇಕಾಗಿಲ್ಲ. ಹೊಸದಾಗಿ ಸ್ಥಾಪಿಸಿದ ಸಂವಿಧಾನ ನ್ಯಾಯಾಲಯವನ್ನು ಮಾತ್ರ ಈ ಮೂರೂ ಊರು ಬಿಟ್ಟು ಜೋಹಾನ್ಸ್‌ಬರ್ಗಿನಲ್ಲಿ ಇಟ್ಟರು. ಅದರ ಕಟ್ಟಡವಿರುವುದು ಹಳೆಯ ಸೆರೆಮನೆಯ ಜಾಗದಲ್ಲಿ. ಗಾಂಧೀಜಿಯೂ ಮಂಡೇಲರೂ ಬೇರೆ ಬೇರೆ ಕಾಲದಲ್ಲಿ ಬಂದಿಗಳಾಗಿದ್ದ ಸೆರೆಮನೆ ಅದು.

ನಮ್ಮ ರಾಜ್ಯದ ಶಾಸನಸಭೆಯೂ ಬೆಳಗಾವಿಯಲ್ಲಿ ಸೇರುತ್ತದಲ್ಲ ಎಂದು ಯಾರೋ ಹಿಂದಿನಿಂದ ಅಂದರು. ಸೇರುತ್ತದೆ. 2012ರಲ್ಲಿ ಅಲ್ಲಿ ಸುವರ್ಣ ವಿಧಾನಸೌಧವೂ ಆಯಿತು. ಆದರೆ ರಾಜಧಾನಿ ಬೆಂಗಳೂರೊಂದೇ.

ಈಗ ನಮ್ಮ ಗೋದಾಮು. ಗೋದಾಮು ಮೇಲಿನ ಹಳ್ಳಿಗೆ, ತಕ್ಕಡಿ ಮತ್ತು ಲೆಕ್ಕದ ಕೋಣೆ ಕೆಳಗಿನ ಹಳ್ಳಿಗೆ ಎಂದು ತಾವು ಇಂದು ಹೆಚ್ಚುಕಡಿಮೆ ಒಪ್ಪಿದ್ದೀರಿ. ಮೂಟೆಯನ್ನು ಇಲ್ಲಿ ತೂಗಿಸಿ, ಎರಡು ಮೈಲಿ ಹೊತ್ತು, ಅಲ್ಲಿ ಇಳಿಸಬೇಕು. ಗಾಡಿ ಇದ್ದವರಿಗೆ ಅದು ದೊಡ್ಡದಲ್ಲ. ಹಟ್ಟಿಯಲ್ಲಿ ಮೂವತ್ತೆರಡು ಮನೆಗಳಿವೆ, ಗಾಡಿ ಎರಡು. ನಾನು ತಲೆ ಎಣಿಸಿ ನೋಡಿದೆ. ಹಟ್ಟಿಯವರು ಒಬ್ಬರೂ ಈ ಸಭೆಯಲ್ಲಿಲ್ಲ. ಅವರಿಗೆ ಹೇಳಿಕಳಿಸುವುದನ್ನು ಮರೆತವನು ನಾನೇ. ಇದರಲ್ಲಿ ತಮ್ಮ ತಪ್ಪಿಲ್ಲ. ಆದ್ದರಿಂದ ಇಂದು ಯಾರೂ ರುಜು ಹಾಕುವುದು ಬೇಡ. ಸೋಮವಾರ ಸಂಜೆ ಆರಕ್ಕೆ ಹಟ್ಟಿಯ ಹುಣಸೆಮರದ ಕೆಳಗೆ ಮತ್ತೆ ಸೇರೋಣ. ಜಮಖಾನೆ ನಾನು ತರುತ್ತೇನೆ.